ಕ್ರಿಯಾಪದ ಕೊನೆಗೆ ಬರುವ ಯಂತ್ರ

ಹಳೆಯ ಕ್ಯಾಲ್ಕುಲೇಟರುಗಳನ್ನು ಕೂಡಿಡುವವರ ಮಾತು ಕೇಳಿದಾಗಲೆಲ್ಲ ನನಗೆ ಹಳೆಯ ರೇಷ್ಮೆ ಸೀರೆಗೆ ಬೆಲೆ ಕಟ್ಟುವವರ ನೆನಪಾಗುತ್ತದೆ. ಜರಿ ಎಷ್ಟಿದೆ, ಮಡಿಕೆಯಲ್ಲಿ ಹರಿದಿದೆಯೇ, ಇಷ್ಟೇ ವಿಚಾರಣೆ. ಉಟ್ಟರೆ ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ಇವರೂ ಹಾಗೆಯೇ. ಡಬ್ಬಿ ಇದೆಯೇ, ಚೀಲ ಇದೆಯೇ, ಅಂಕಿಗಳು ಇನ್ನೂ ಕೆಂಪಗೆ ಉರಿಯುತ್ತವೆಯೇ, ಎಷ್ಟು ಅಪರೂಪ? ಈ ಯಂತ್ರ ಯಾವ ಕ್ರಮದಲ್ಲಿ ನಮ್ಮನ್ನು ಮಾತಾಡಿಸುತ್ತದೆ ಎಂಬುದು ಮಾತ್ರ ಅವರ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡ ಪಾಠ ಹೇಳುವ ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಇಂಥ ವಸ್ತು ಸಿಗುವ ಜಾಗಗಳು ಎರಡೇ: ಗುಜರಿ ಅಂಗಡಿ, ಇಲ್ಲವೆ ಇಂಜಿನಿಯರ್ ಇದ್ದ ಮನೆಯ ಅಟ್ಟ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ತರೀಕೆರೆ ತಾಲ್ಲೂಕಿನದೇ ಆದ್ದರಿಂದ ಅಂಥ ಮನೆಗಳಿಗೆ ಇಲ್ಲಿ ಬರವಿಲ್ಲ. ಆ ಕಟ್ಟೆ ಎದ್ದ ಕಾಲಕ್ಕೆ ಜೇಬಿನ ಕ್ಯಾಲ್ಕುಲೇಟರ್ ಹುಟ್ಟಿರಲಿಲ್ಲ. ಅಟ್ಟದಲ್ಲಿ ಮೊದಲು ಕೈಗೆ ಸಿಗುವುದು ಸ್ಲೈಡ್ ರೂಲ್ ಮತ್ತು ಕ್ಲಾರ್ಕ್ ಟೇಬಲ್. ಅವುಗಳ ಅಡಿಯಲ್ಲಿ, ಮಗನೋ ಅಳಿಯನೋ ಹೊರದೇಶದಿಂದ ತಂದುಕೊಟ್ಟದ್ದು ಇರುತ್ತದೆ. ಎಚ್‌ಪಿ-35 ಅನ್ನು ನಾನು ಕೈಯಲ್ಲಿ ಹಿಡಿದದ್ದು ತರೀಕೆರೆಯ ಅಂಥದೊಂದು ಮನೆಯಲ್ಲಿ.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಅದನ್ನು 1972ರಲ್ಲಿ ಹೊರತಂದಿತು. ಬೆಲೆ 395 ಡಾಲರ್. 35 ಗುಂಡಿಗಳಿದ್ದುದರಿಂದ ಆ ಹೆಸರು. ಅಂಗಿಯ ಜೇಬಿನಲ್ಲಿ ಹಿಡಿಸಬೇಕು ಎಂಬುದು ಯಜಮಾನ ಬಿಲ್ ಹ್ಯೂಲೆಟ್ಟರ ಪಟ್ಟು. (ರವಿಕೆಗೆ ಜೇಬಿಲ್ಲ ಎಂಬುದು ಅವರ ಗಮನಕ್ಕೆ ಬರುವ ಸಂಗತಿಯಾಗಿರಲಿಲ್ಲ.) ಮೊದಮೊದಲು ಮಾರಿದವುಗಳಲ್ಲಿ ಒಂದು ದೋಷವಿತ್ತು. 2.02ರ ಲಾಗರಿದಮ್ ತೆಗೆದು ಮತ್ತೆ ಹಿಂದಕ್ಕೆ ತಿರುಗಿಸಿದರೆ 2.02 ಬರುವ ಬದಲು ಬರೀ 2 ಬರುತ್ತಿತ್ತು. ಕಂಪನಿಯೇ ಕೊಂಡವರಿಗೆ ತಿಳಿಸಿ, ಬದಲಿಸಿಕೊಡಲು ಮುಂದಾಯಿತು. ಈಗಿನ ಸಂಗ್ರಾಹಕರಿಗೆ ಆ ತಪ್ಪು ಲೆಕ್ಕದ ಯಂತ್ರವೇ ಹೆಚ್ಚು ಬೆಲೆಯದು! ನನಗೆ ಇದರಲ್ಲಿ ರಸವಿಲ್ಲ. ನನಗೆ ರಸವಿರುವುದು ಆ ಯಂತ್ರದಲ್ಲಿ ಇಲ್ಲದ ಒಂದು ಗುಂಡಿಯಲ್ಲಿ. ಅದಕ್ಕೆ 'ಸಮ' ಚಿಹ್ನೆಯೇ ಇಲ್ಲ.

ಎರಡಕ್ಕೆ ಮೂರು ಕೂಡಿಸಬೇಕಾದರೆ 2 ಒತ್ತಿ, 'ಎಂಟರ್' ಒತ್ತಿ, 3 ಒತ್ತಿ, ಕೊನೆಗೆ ಕೂಡುವ ಗುಂಡಿ ಒತ್ತಬೇಕು. ಉತ್ತರ ಬಂದೇಬಿಡುತ್ತದೆ. ಈ ಪದ್ಧತಿಯ ಹೆಸರು ರಿವರ್ಸ್ ಪೋಲಿಷ್. ಯಾನ್ ಲುಕಾಸ್ಯೆವಿಚ್ ಎಂಬ ಪೋಲೆಂಡಿನ ತರ್ಕಶಾಸ್ತ್ರಜ್ಞರು ಕ್ರಿಯೆಯನ್ನು ಮೊದಲಿಟ್ಟು ಬರೆದರು, ಇದರಲ್ಲಿ ಕ್ರಿಯೆ ಕೊನೆಗೆ ಬರುತ್ತದೆ, ಅದಕ್ಕೆ 'ರಿವರ್ಸ್'. ಕಲಿಯುವುದು ಕಷ್ಟ, ಹಿಂದುಮುಂದಾದ ಪದ್ಧತಿ ಎಂದು ಇದರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಯಾರಿಗೆ ಹಿಂದುಮುಂದು? 'ಎರಡಕ್ಕೆ ಮೂರು ಕೂಡಿಸು' ಎಂಬ ವಾಕ್ಯವನ್ನು ಎಡದಿಂದ ಬಲಕ್ಕೆ ಒತ್ತುತ್ತಾ ಹೋಗಿ ನೋಡಿ. ನಡುವೆ ಒಂದು ಎಂಟರ್ ಬಿಟ್ಟರೆ ಅದೇ ಇದು. ಅಜ್ಜಂಪುರದಲ್ಲಿ ಈರುಳ್ಳಿ ಮಾರಿ ಬಂದ ರೈತರು, "ನಲವತ್ತೆಂಟಕ್ಕೆ ಹದಿನೆಂಟು ಗುಣಿಸ್ರಿ, ಅದ್ರಾಗೆ ಹಮಾಲಿ ಕಳೀರಿ, ಬಾಡಿಗೆ ಕಳೀರಿ" ಅನ್ನುತ್ತಾರೆ. ಒಂದು ಕಡೆಯಾದರೂ 'ಸಮ' ಎನ್ನುವುದಿಲ್ಲ. ಕರ್ಮಪದಗಳು ಮುಂದೆ, ಕ್ರಿಯಾಪದ ಕೊನೆಗೆ. ಕ್ಯಾಲಿಫೋರ್ನಿಯಾದವರು ನಮ್ಮನ್ನು ಕೇಳಿ ಮಾಡಿದ್ದಲ್ಲ, ಆದರೂ ಆ ಯಂತ್ರದ ವ್ಯಾಕರಣ ಕನ್ನಡದ್ದು.

ಕಡೂರಿನ ಗುಜರಿಯಲ್ಲಿ ನನಗೆ ಸಿಕ್ಕ ಹಳೆಯ ಕ್ಯಾಸಿಯೊ ಎಫ್‌ಎಕ್ಸ್-82 ಇನ್ನೊಂದು ಬಗೆಯದು. ಸೆಲ್ ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿದಿತ್ತು, ಕೆರೆದು ತೆಗೆದ ಮೇಲೆ ಜೀವ ಬಂತು. ಅದರಲ್ಲಿ ಕೂಡುವುದು ಕಳೆಯುವುದು ಪುಸ್ತಕದಂತೆ, 2 + 3 =. ಸೈನ್ ಬೇಕಾದರೆ ಮಾತ್ರ 30 ಒತ್ತಿ ಆಮೇಲೆ ಸೈನ್: 'ಮೂವತ್ತರ ಸೈನ್'. ಅರ್ಧ ಇಂಗ್ಲಿಷು ಅರ್ಧ ಕನ್ನಡ, ನಮ್ಮ ಪೇಟೆ ಮಾತಿನ ಹಾಗೆ. 0.5 ಬಂದರೆ ಅದು ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್, 0.454 ಬಂದರೆ ಗ್ರೇಡ್. ಹೊಸ ಎಫ್‌ಎಕ್ಸ್-82 ಎಂಎಸ್‌ನಲ್ಲಿ ಸೈನ್ ಮೊದಲು, ಸಂಖ್ಯೆ ಆಮೇಲೆ, ಬರೆದ ಹಾಗೇ ಒತ್ತುವುದು. ಒತ್ತಿದ್ದು ಪರದೆಯ ಮೇಲೆ ಉಳಿಯುವುದರಿಂದ ತಪ್ಪು ಹುಡುಕುವುದು ಸುಲಭ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯದರಲ್ಲಿ ಪ್ರತಿ ಗುಂಡಿಗೂ ಒಂದು ಉತ್ತರ ಕಾಣುತ್ತಿತ್ತು. ಲೆಕ್ಕ ನಡೆಯುವುದನ್ನು ನೋಡಬಹುದಿತ್ತು.

ಸಂಗ್ರಾಹಕರ ಪರೀಕ್ಷೆಗಳಲ್ಲಿ ನಾನು ಮೆಚ್ಚುವುದು ಒಂದನ್ನು. ಡಿಗ್ರಿಯಲ್ಲಿಟ್ಟು 9ರ ಸೈನ್, ಅದರ ಕಾಸ್, ಅದರ ಟ್ಯಾನ್ ತೆಗೆಯುವುದು. ಆಮೇಲೆ ಹತ್ತಿದ ಮೆಟ್ಟಿಲನ್ನೇ ಇಳಿದಂತೆ ಮೂರನ್ನೂ ಹಿಂದಕ್ಕೆ ತಿರುಗಿಸುವುದು. 9 ಸಿಗಬೇಕು. ಹಳೆಯವು ಹೆಚ್ಚಾಗಿ ಅದರ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ, ಒಂದೊಂದು ಜಾತಿಯ ಚಿಪ್ಪಿಗೆ ಒಂದೊಂದು ಉತ್ತರ. ದಾರಿಯ ನಡುವೆ ಕಾಸ್ 0.9999963ರಷ್ಟಾಗುತ್ತದೆ. ಒಂದಕ್ಕೆ ಅಷ್ಟು ಹತ್ತಿರ ಹೋದಾಗ ಹತ್ತೇ ಅಂಕಿಯ ಯಂತ್ರದಲ್ಲಿ ಕೊನೆಯ ಅಂಕಿಗಳು ಉದುರಿಹೋಗುತ್ತವೆ. ಹಿಂದಿರುಗುವಾಗ ಉದುರಿದ್ದು ಸಿಗುವುದಿಲ್ಲ. ಡಬ್ಬಿ ನೋಡಿ ಬೆಲೆ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ಇದೆಲ್ಲ ಹವ್ಯಾಸದ ಮಾತಾಗಿ ಮುಗಿಯುತ್ತಿತ್ತು, ನಮ್ಮ ಹೆಣ್ಣುಮಕ್ಕಳ ವಿಷಯ ಇರದಿದ್ದರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಇಂಗ್ಲಿಷಿಗೆ ಬಿದ್ದವರು. 'ಹನ್ನೆರಡರಲ್ಲಿ ಐದು ಕಳೆ' ಎಂದರೆ ಸಂಖ್ಯೆಗಳು ಬರೆಯುವ ಕ್ರಮದಲ್ಲೇ ಕಿವಿಗೆ ಬೀಳುತ್ತವೆ. 'ಸಬ್‌ಟ್ರಾಕ್ಟ್ ಫೈವ್ ಫ್ರಮ್ ಟ್ವೆಲ್ವ್' ಎಂದಾಗ ಐದು ಮೊದಲು ಬೀಳುತ್ತದೆ, ಹುಡುಗಿ ಐದನ್ನೇ ಮೊದಲು ಬರೆಯುತ್ತಾಳೆ. ಹನ್ನೆರಡು, ಐದು ಇದ್ದಾಗ ಯಾರಿಗಾದರೂ ಗೊತ್ತಾಗುತ್ತದೆ. ಎಕ್ಸ್, ವೈ ಬಂದಾಗ ಗೊತ್ತಾಗುವುದಿಲ್ಲ. ಅಜ್ಜಂಪುರದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಗ್ಗೆ ಅವಳ ಕಾಲೇಜಿನ ಉಪನ್ಯಾಸಕರೊಬ್ಬರು "ಇವಳ ತಲೆಗೆ ಲೆಕ್ಕ ಹತ್ತೋದಿಲ್ಲ, ಆರ್ಟ್ಸಿಗೆ ಹಾಕಿ" ಎಂದು ಅವಳ ಅಪ್ಪನಿಗೆ ಹೇಳಿ ಕಳಿಸಿದ್ದರು. ಅವಳ ಟಿಪ್ಪಣಿ ಪುಸ್ತಕ ತರಿಸಿ ನೋಡಿದೆ. ಗುಣಾಕಾರ ಸರಿ, ಸೂತ್ರ ಸರಿ. ಕೆಟ್ಟದ್ದೆಲ್ಲ 'ಫ್ರಮ್' ಇದ್ದಲ್ಲಿ, 'ಡಿವೈಡೆಡ್ ಇಂಟು' ಇದ್ದಲ್ಲಿ. ಕನ್ನಡ ಬಲ್ಲವರು ನೋಡಿದ್ದರೆ ಅದನ್ನು ಭಾಷಾಂತರದ ದೋಷ ಎನ್ನುತ್ತಿದ್ದರು, ಬುದ್ಧಿಯ ದೋಷ ಎನ್ನುತ್ತಿರಲಿಲ್ಲ.

ಅವಳಿಗೆ ಕ್ಯಾಸಿಯೊ ಕೊಟ್ಟೆ. ಪ್ರಶ್ನೆಯನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು, ಹೇಳಿದ ಕ್ರಮದಲ್ಲೇ ಒತ್ತಿ, ಆಮೇಲೆ ಪುಸ್ತಕದ ಕ್ರಮದಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡಿದ್ದಾಳೆ. ವಿಜ್ಞಾನದಲ್ಲೇ ಇದ್ದಾಳೆ. ಸಿಇಟಿಗೆ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಅದು ಅವಳಿಗೂ ಗೊತ್ತು. ಆದ್ದರಿಂದ ಈಗ ಗುಂಡಿ ಒತ್ತದೆ, ತುಟಿ ಮಾತ್ರ ಆಡಿಸುತ್ತಾಳೆ.