ಲಂಡನ್–ಕಲ್ಕತ್ತಾ ಬಸ್ಸು ಮತ್ತು ಪ್ರವಾಸ ಕಥನದ ಪಾಸ್‌ಪೋರ್ಟು

ಲಂಡನ್ನಿನ ವಿಕ್ಟೋರಿಯಾ ಕೋಚ್ ಸ್ಟೇಷನ್ನಿನಿಂದ ಕಲ್ಕತ್ತಾಕ್ಕೆ ಹೊರಟು ನಿಂತ ಬಸ್ಸಿನ ಹಳೆಯ ಫೋಟೋವೊಂದು ಆಗಾಗ ನಮ್ಮ ಫೋನುಗಳಿಗೆ ಬಂದು ಹೋಗುತ್ತದೆ. ‘ಇಂಡಿಯಾಮನ್’ ಎಂಬ ಈ ಬಸ್ಸು 1957ರ ಏಪ್ರಿಲ್ 15ರಂದು 20 ಪ್ರಯಾಣಿಕರನ್ನು ಹೊತ್ತು ಹೊರಟಿತು. ಫ್ರಾನ್ಸ್, ಇಟಲಿ, ಯುಗೊಸ್ಲಾವಿಯ, ಬಲ್ಗೇರಿಯ, ಟರ್ಕಿ, ಇರಾನ್, ಪಾಕಿಸ್ತಾನಗಳನ್ನು ದಾಟಿ ಜೂನ್ 5ರಂದು ಕಲ್ಕತ್ತಾ ಸೇರಿತು. ಸುಮಾರು 16,000 ಕಿಲೋಮೀಟರ್ ದಾರಿ; ಟಿಕೆಟ್ಟಿಗೆ 85 ಪೌಂಡ್. ಫೋಟೋದ ಜೊತೆ ಒಂದು ನಿಟ್ಟುಸಿರೂ ಬರುತ್ತದೆ: ಆಗ ಜಗತ್ತು ಎಷ್ಟು ತೆರೆದಿತ್ತು, ಈಗ ನೋಡಿ!

ಈ ನಿಟ್ಟುಸಿರು ನನಗೆ ಒಂದು ವಿಮರ್ಶೆಯ ಪ್ರಶ್ನೆಯಾಗಿ ಕಾಣುತ್ತದೆ. ಪ್ರವಾಸ ಸಾಹಿತ್ಯ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ಬಸ್ಸನ್ನು ಇತಿಹಾಸದ ಸೋಜಿಗವಾಗಿ ನೋಡುವುದಕ್ಕಿಂತ, ಅದರ ಬಗ್ಗೆ ಹೇಳಲಾಗುವ ಕಥೆ ಯಾವ ಬಗೆಯದು, ಅದನ್ನು ಯಾವ ತುದಿಯಲ್ಲಿ ನಿಂತು ಹೇಳುತ್ತಿದ್ದೇವೆ ಎಂದು ಕೇಳುವುದು ನನಗೆ ಮುಖ್ಯ. ಆ ಬಸ್ಸು ಹತ್ತಿದವರು ಲಂಡನ್ನಿನ ತುದಿಯಲ್ಲಿ ಹತ್ತಿದವರು. ಕಲ್ಕತ್ತಾದ ತುದಿಯಲ್ಲಿ ನಿಂತು ನೋಡಿದರೆ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ.

ಮೊದಲು ನಮ್ಮ ಭಾಷೆಯಿಂದಲೇ ಶುರುಮಾಡೋಣ. ಕನ್ನಡದ ಕಲ್ಪನೆಯಲ್ಲಿ ವಿದೇಶ ಎಂದರೆ ಕಡಲಾಚೆ. ವಿ.ಕೃ. ಗೋಕಾಕರ ಪ್ರವಾಸ ಕಥನದ ಹೆಸರೇ ‘ಸಮುದ್ರದಾಚೆಯಿಂದ’. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ಹಳೆಯ ಭಯವೂ, ಅದನ್ನು ದಾಟಿ ಬಂದವರ ಹೆಮ್ಮೆಯೂ ಈ ‘ಆಚೆ’ ಎಂಬ ಪದದಲ್ಲಿ ಸೇರಿಕೊಂಡಿವೆ. ಆಮೇಲೆ ಹಡಗಿನ ಜಾಗಕ್ಕೆ ವಿಮಾನ ಬಂತು. ‘ಅಮೆರಿಕಾದಲ್ಲಿ ಗೊರೂರು’ ಎಂಬ ಹೆಸರಿನಲ್ಲಿ ‘ಆಚೆ’ ಹೋಗಿ ಸಪ್ತಮಿ ವಿಭಕ್ತಿ ಬಂದಿದೆ. ಇಲ್ಲಿದ್ದವರು ಅಲ್ಲಿದ್ದಾರೆ, ಅಷ್ಟೆ. ನಡುವೆ ನೆಲವಿಲ್ಲ. ಹಾಗಾಗಿ ಕಲ್ಕತ್ತಾದಿಂದ ಲಂಡನ್ನಿಗೆ ನೆಲದ ಮೇಲೆಯೇ ದಾರಿ ಇತ್ತು ಎಂಬುದು ನಕ್ಷೆಯಲ್ಲಿ ಎಷ್ಟೇ ಸರಳವಾದ ಸಂಗತಿಯಾದರೂ ನಮ್ಮನ್ನು ಬೆರಗುಗೊಳಿಸುತ್ತದೆ.

ನೆಲದ ದಾರಿಗೆ ಒಂದು ಗುಣವಿದೆ. ವಿಮಾನದಲ್ಲಿ ಗಡಿ ನಮ್ಮ ಕಾಲಕೆಳಗೆ ಎಲ್ಲೋ ಕಳೆದುಹೋಗುತ್ತದೆ. ಬಸ್ಸಿನಲ್ಲಿ ಹಾಗಲ್ಲ, ಗಡಿ ಬಂದರೆ ಇಳಿಯಬೇಕು. ಸಾಮಾನು ಬಿಚ್ಚಬೇಕು, ಸಾಲಿನಲ್ಲಿ ನಿಲ್ಲಬೇಕು, ಒಬ್ಬರ ಕಾಗದ ಸರಿಯಿಲ್ಲದಿದ್ದರೆ ಎಲ್ಲರೂ ಕಾಯಬೇಕು. ದೂರದ ಬಸ್ ಪ್ರಯಾಣದ ಯಾವುದೇ ಬರಹವನ್ನು ಓದುವಾಗ ನಾನು ಕಿಲೋಮೀಟರುಗಳನ್ನು ಬಿಟ್ಟು ಈ ಕಾಯುವ ಗಳಿಗೆಯನ್ನು ಹುಡುಕುತ್ತೇನೆ. ಬರಹಗಾರರಿಗೆ ಆ ಗಳಿಗೆ ಎಷ್ಟು ಭಾರ ಎಂಬುದರಲ್ಲಿ ಅವರು ಯಾರೆಂಬುದು ಗೊತ್ತಾಗುತ್ತದೆ.

ಒಂದು ಉದಾಹರಣೆ. ನ್ಯೂಜಿಲೆಂಡಿನ ನೇರ್ನ್ ಸಹೋದರರು 1923ರಲ್ಲಿ ಸಿರಿಯಾದ ಮರುಭೂಮಿಯನ್ನು ದಾಟಿ ಬಾಗ್ದಾದಿಗೆ ಹೋಗುವ ಮೋಟಾರು ಸೇವೆ ಶುರುಮಾಡಿದರು. 1928ರಲ್ಲಿ ಅಗಾಥಾ ಕ್ರಿಸ್ಟಿ ಡಮಾಸ್ಕಸ್ಸಿನಿಂದ ಅದೇ ಸೇವೆಯಲ್ಲಿ ಬಾಗ್ದಾದಿಗೆ ಹೋದರು. ಮದುವೆ ಮುರಿದು, ಒಬ್ಬರೇ ಹೊರಟಿದ್ದ ಪ್ರಯಾಣ ಅದು. ಅವರ ಆತ್ಮಕಥೆಯಲ್ಲಿ ಆ ದಾರಿಯ ನೆನಪು ಹಿತವಾಗಿದೆ. ಮರುಭೂಮಿಯ ಬೆಳಗಿನಲ್ಲಿ ಪ್ರೈಮಸ್ ಸ್ಟೋವಿನ ಮೇಲೆ ಬಿಸಿಮಾಡಿದ ಡಬ್ಬಿಯ ಸಾಸೇಜು, ಕಡು ಚಹಾ, ಶುಭ್ರವಾದ ಗಾಳಿ. ಓದಿದವರಿಗೆ ಆ ತಿಂಡಿಯ ರುಚಿ ನಿಜಕ್ಕೂ ನೆನಪಿನಲ್ಲಿ ಉಳಿಯುತ್ತದೆ. ಆದರೆ ಆಗ ಸಿರಿಯಾ ಫ್ರಾನ್ಸಿನ ಆಡಳಿತದಲ್ಲಿತ್ತು, ಇರಾಕ್ ಬ್ರಿಟನ್ನಿನ ಆಡಳಿತದಲ್ಲಿತ್ತು. ಒಂದು ಸಾಮ್ರಾಜ್ಯದ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ದಾಟಿದ್ದು ಆ ನೆನಪಿನ ಕೇಂದ್ರದಲ್ಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ತನಗೆ ತೊಡಕಾಗದ ಗಡಿಯನ್ನು ಯಾರೂ ವರ್ಣಿಸುವುದಿಲ್ಲ.

ಈಗ ಕಲ್ಕತ್ತಾದ ತುದಿಗೆ ಬರೋಣ. 1957ರಲ್ಲಿ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಬ್ರಿಟನ್ನಿನ ಬಾಗಿಲು ಕಾನೂನಿನ ಮಟ್ಟಿಗೆ ತೆರೆದೇ ಇತ್ತು. ಆದರೆ ಭಾರತೀಯರಿಗೆ ಪಾಸ್‌ಪೋರ್ಟು ಹಕ್ಕಾಗಿರಲಿಲ್ಲ. ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯಲ್ಲಿರುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಷ್ಟು ಹೊತ್ತಿಗೆ, 1962ರ ವಲಸೆ ಕಾಯ್ದೆಯ ಮೂಲಕ, ಬ್ರಿಟನ್ ತನ್ನ ಬಾಗಿಲನ್ನು ಎಳೆದುಕೊಂಡಿತ್ತು. ಆ ಬಾಗಿಲು ತೆರೆದಿದ್ದಾಗ ಈ ಬಾಗಿಲಿಗೆ ಅಗುಳಿ, ಈ ಅಗುಳಿ ತೆಗೆಯುವ ಹೊತ್ತಿಗೆ ಆ ಬಾಗಿಲು ಬಂದ್. ‘ಆಗ ಜಗತ್ತು ತೆರೆದಿತ್ತು’ ಎಂದು ಫೋನಿನಲ್ಲಿ ನಿಟ್ಟುಸಿರು ಬಿಡುವಾಗ ನಾವು ಇನ್ನೊಬ್ಬರ ನೆನಪನ್ನು ನಮ್ಮದೆಂದು ಎತ್ತಿಕೊಳ್ಳುತ್ತಿರುತ್ತೇವೆ. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಈ ದಾರಿಯನ್ನು ಮುಚ್ಚಿದವು ಎನ್ನುವುದು ನಿಜ. ಅದು ಹಲವರಿಗೆ ಅದಕ್ಕೂ ಮೊದಲೇ ಮುಚ್ಚಿತ್ತು ಎನ್ನುವುದೂ ಅಷ್ಟೇ ನಿಜ.

ಇಂಡಿಯಾಮನ್ ಓಡಿದ ಮರುವರ್ಷದಲ್ಲಿ, 1958ರ ಆಗಸ್ಟಿನಲ್ಲಿ, ನಡೆಯುವ ಇನ್ನೊಂದು ಪ್ರಯಾಣವಿದೆ. ಪ್ಯಾಲೆಸ್ತೀನಿನ ಲೇಖಕ ಗಸ್ಸಾನ್ ಕನಫಾನಿ 1963ರಲ್ಲಿ ಪ್ರಕಟಿಸಿದ ‘ಮೆನ್ ಇನ್ ದ ಸನ್’ ಎಂಬ ಕಿರು ಕಾದಂಬರಿಯ ಪ್ರಯಾಣ ಅದು. ಊರು ಕಳೆದುಕೊಂಡ ಮೂವರು ಪ್ಯಾಲೆಸ್ತೀನಿಯರು — ವಯಸ್ಸಾದ ಅಬು ಕೈಸ್, ಯುವಕ ಅಸದ್, ಇನ್ನೂ ಹುಡುಗನಾದ ಮರ್ವಾನ್ — ಕೆಲಸ ಹುಡುಕಿಕೊಂಡು ಇರಾಕಿನ ಬಸ್ರಾದಿಂದ ಕುವೈತಿಗೆ ಹೊರಟಿದ್ದಾರೆ. ಕಾಗದಪತ್ರವಿಲ್ಲ. ನೀರಿನ ಟ್ಯಾಂಕರ್ ಓಡಿಸುವ ಅಬುಲ್ ಖೈಜುರಾನ್ ಒಂದು ಉಪಾಯ ಹೇಳುತ್ತಾನೆ. ಚೆಕ್‌ಪೋಸ್ಟ್ ಬಂದಾಗ ಖಾಲಿ ಟ್ಯಾಂಕಿನೊಳಗೆ ಇಳಿದು ಕೂರುವುದು, ಕೆಲವೇ ನಿಮಿಷದಲ್ಲಿ ಅವನು ಸಹಿ ಹಾಕಿಸಿಕೊಂಡು ಬಂದು ಮುಚ್ಚಳ ತೆಗೆಯುವುದು. ಮೊದಲ ಚೆಕ್‌ಪೋಸ್ಟ್ ಹೇಗೋ ದಾಟುತ್ತದೆ. ಎರಡನೆಯದರಲ್ಲಿ ಅಧಿಕಾರಿಗಳು ಡ್ರೈವರನ ಜೊತೆ ಒಬ್ಬ ನರ್ತಕಿಯ ವಿಷಯ ಎತ್ತಿ ತಮಾಷೆಗೆ ಇಳಿಯುತ್ತಾರೆ. ಅವರಿಗೆ ಅದು ಹೊತ್ತು ಕಳೆಯುವ ಹರಟೆ. ಅದು ಮುಗಿಯುವ ಹೊತ್ತಿಗೆ ಟ್ಯಾಂಕಿನೊಳಗಿನ ಮೂವರೂ ಸತ್ತಿರುತ್ತಾರೆ.

ಒಂದೇ ಪ್ರದೇಶ, ಅದೇ ಬಿಸಿಲು. ಒಂದು ಕಡೆ ಕಾಯುವುದೆಂದರೆ ತಿಂಡಿಯ ಹೊತ್ತು, ಇನ್ನೊಂದು ಕಡೆ ಉಸಿರಿನ ಲೆಕ್ಕ. ಕನಫಾನಿ ಸ್ವತಃ ಹುಡುಗನಾಗಿದ್ದಾಗ 1948ರಲ್ಲಿ ಊರು ಬಿಟ್ಟವರು, ಆಮೇಲೆ ಕುವೈತಿನಲ್ಲಿ ಮೇಷ್ಟರಾಗಿದ್ದವರು. ದಾರಿಯ ಉದ್ದವನ್ನು ಅವರು ನಿಮಿಷಗಳಲ್ಲಿ ಅಳೆದರು.

ಇಲ್ಲಿ ನನ್ನ ಸಂಶೋಧಕ ಮಿತ್ರರು ಒಂದು ಆಕ್ಷೇಪ ಎತ್ತುತ್ತಾರೆ: ‘ಇದು ಕಾದಂಬರಿ, ಅದು ಪ್ರವಾಸದ ನೆನಪು. ಪ್ರಕಾರಗಳೇ ಬೇರೆ. ಹೋಲಿಸುವುದು ಹೇಗೆ?’ ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರಕಾರಗಳು ಯಾಕೆ ಬೇರೆಯಾದವು ಎಂದೂ ಕೇಳಬೇಕಲ್ಲವೇ? ಪಾಸ್‌ಪೋರ್ಟು ಇದ್ದವರು ದಾರಿಯ ಬಗ್ಗೆ ತಮ್ಮ ಹೆಸರಿನಲ್ಲಿ, ದಿನಾಂಕ ಹಾಕಿ ಬರೆಯಬಹುದು. ಅದನ್ನು ಪ್ರವಾಸ ಕಥನ ಎನ್ನುತ್ತೇವೆ. ಕದ್ದು ಗಡಿ ದಾಟಿದವರು ಹಾಗೆ ಬರೆದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಅವರ ದಾರಿ ಕಥೆಯಾಗಿ, ಕಾದಂಬರಿಯಾಗಿ, ಇನ್ನೊಬ್ಬರ ಬಾಯಲ್ಲಿ ಬರಬೇಕಾಗುತ್ತದೆ. ಅಥವಾ ಬರುವುದೇ ಇಲ್ಲ. ಪಠ್ಯಪುಸ್ತಕದಲ್ಲಿ ನಾವು ಸಲೀಸಾಗಿ ಗೆರೆ ಎಳೆದಿರುವ ‘ಪ್ರವಾಸ ಸಾಹಿತ್ಯ’ ಎಂಬ ಪ್ರಕಾರವೂ ಒಂದು ಚೆಕ್‌ಪೋಸ್ಟೇ. ಅದೂ ಕಾಗದ ಕೇಳುತ್ತದೆ.

ಹಾಗೆಂದು ಕ್ರಿಸ್ಟಿಯ ಸಾಸೇಜನ್ನು ಅಪರಾಧ ಎನ್ನುವ ಓದು ನನಗೆ ಬೇಡ. ಅದು ಸೋಮಾರಿತನದ ಓದು. ಮನೆ ಮುರಿದ ಹೆಂಗಸೊಬ್ಬಳು ಆ ಕಾಲದಲ್ಲಿ ಒಬ್ಬಳೇ ಮರುಭೂಮಿ ದಾಟಿ, ಆ ಬೆಳಗನ್ನು ಅಷ್ಟು ಸಂತೋಷದಿಂದ ನೆನೆದದ್ದು ಸಣ್ಣ ಮಾತಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿ ಎಂಬುದಷ್ಟೇ ನನ್ನ ಕೋರಿಕೆ. ಹಾಗೆ ಓದಿದಾಗ ಒಂದರ ನಿರಾಳತೆ ಇನ್ನೊಂದರ ಉಸಿರುಗಟ್ಟುವಿಕೆಯಿಂದ ಅರ್ಥವಾಗುತ್ತದೆ.

ಕನ್ನಡಕ್ಕೂ ಈ ಮಾತು ದೂರದ್ದಲ್ಲ. ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದ ಸಾವಿರಾರು ಮಂದಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡುವವರಿದ್ದಾರೆ. ದುಬೈಯಿಂದ ಮೆಕ್ಕಾಕ್ಕೆ ಉಮ್ರಾ ಬಸ್ಸಿನಲ್ಲಿ ಹೋಗಿಬಂದವರು ಅವರಲ್ಲಿದ್ದಾರೆ. ಅರೇಬಿಯಾದ ಮರುಭೂಮಿಯಲ್ಲಿ ರಾತ್ರಿಯಿಡೀ ಓಡುವ ಬಸ್ಸು, ಗಡಿಯಲ್ಲಿ ಇಳಿದು ಸಾಲು ನಿಲ್ಲುವುದು ಅವರಿಗೆ ಹೊಸದಲ್ಲ. ಅದನ್ನು ಅವರು ಮನೆಯವರಿಗೆ ಹೇಳುತ್ತಾರೆ, ನೆರೆಯವರಿಗೆ ಹೇಳುತ್ತಾರೆ. ನಮ್ಮ ವಿಮರ್ಶೆ ಅದನ್ನು ಪ್ರವಾಸ ಎನ್ನುವುದಿಲ್ಲ, ದುಡಿಮೆಯ ಕಷ್ಟ ಎಂದು ಬೇರೆ ಕಡತಕ್ಕೆ ಸೇರಿಸುತ್ತದೆ. ಕನ್ನಡದಲ್ಲಿ ‘ಪರದೇಶ’ ಎಂದರೆ ಹೊರದೇಶ, ‘ಪರದೇಶಿ’ ಎಂದರೆ ದಿಕ್ಕಿಲ್ಲದವನು. ಒಂದೇ ಪದದ ಎರಡು ಮುಖಗಳಲ್ಲಿ ಮೊದಲನೆಯದಕ್ಕೆ ಮಾತ್ರ ನಾವು ಸಾಹಿತ್ಯ ಪ್ರಕಾರ ಕಟ್ಟಿಕೊಟ್ಟಿದ್ದೇವೆ. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. ಪರದೇಶಿಯ ಕಥನವನ್ನು ಅದೇ ಕಪಾಟಿನಲ್ಲಿ ಇಡುವ ಕೆಲಸ ಬಾಕಿಯಿದೆ.

ಕನಫಾನಿಯ ಕಾದಂಬರಿಯ ಕೊನೆಯಲ್ಲಿ, ಆ ಮೂವರು ಟ್ಯಾಂಕಿನ ಗೋಡೆಯನ್ನು ಯಾಕೆ ಬಡಿಯಲಿಲ್ಲ ಎಂಬ ಪ್ರಶ್ನೆ ಡ್ರೈವರನನ್ನು ಕಾಡುತ್ತದೆ. 1972ರಲ್ಲಿ ಈಜಿಪ್ಟಿನ ನಿರ್ದೇಶಕ ತೌಫೀಕ್ ಸಾಲೆಹ್ ಇದನ್ನು ‘ದ ಡ್ಯೂಪ್ಸ್’ ಎಂಬ ಸಿನಿಮಾ ಮಾಡಿದಾಗ ಇದೊಂದನ್ನು ಬದಲಿಸಿದರು. ಸಿನಿಮಾದಲ್ಲಿ ಅವರು ಬಡಿಯುತ್ತಾರೆ. ಏರ್ ಕಂಡೀಷನರ್‌ಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಕಾದಂಬರಿ ಮತ್ತು ಸಿನಿಮಾಗಳ ನಡುವಿನ ಈ ವ್ಯತ್ಯಾಸದಿಂದ ನಾನು ಕಲಿತದ್ದು ಇಷ್ಟು: ‘ಅವರು ಯಾಕೆ ಬರೆಯಲಿಲ್ಲ’ ಎಂದು ಕೇಳುವ ಮೊದಲು, ನಾವು ಕೂತಿರುವ ಕೋಣೆಯಲ್ಲಿ ಎಷ್ಟು ಸದ್ದಿದೆ ಎಂದು ನೋಡಿಕೊಳ್ಳಬೇಕು.