ಪೂರ್ವಸೂರಿಗಳ ವಾಚಕನೂ ನವೀನ ವಿಜ್ಞಾನಕಥೆಗಳೂ

ಒಂದು ಕಾಲದ ಉತ್ತಮ ಗ್ರಂಥಗಳಲ್ಲಿ ರುಚಿಯನ್ನು ಬೆಳೆಸಿಕೊಂಡ ವಾಚಕನು ಮುಂದಿನ ಕಾಲದ ಗ್ರಂಥಗಳನ್ನು ಕೈಗೆತ್ತಿಕೊಂಡಾಗ ನಿರಾಶನಾಗುವುದು ಸಾಹಿತ್ಯದ ಎಲ್ಲ ಪ್ರಕಾರಗಳಲ್ಲಿಯೂ ಕಂಡುಬರುವ ಸಂಗತಿ. ವಿಜ್ಞಾನಕಥೆಯಲ್ಲಿ ಇದು ಇನ್ನೂ ಹೆಚ್ಚು. ವರ್ನ್, ವೆಲ್ಸ್, ಸ್ಟೇಪಲ್ಡನ್, ಅಸಿಮೋವ್, ಕ್ಲಾರ್ಕ್ ಇವರ ಕೃತಿಗಳನ್ನು ಮತ್ತೆ ಮತ್ತೆ ಓದಿ ಸವಿದವನು, 1990ರಿಂದೀಚಿನ ಒಂದು ದೊಡ್ಡ ಗ್ರಂಥವನ್ನು ತೆರೆದು, ಐವತ್ತು ಪುಟಗಳಾಗುವುದರೊಳಗೆ ಮುಚ್ಚಿಡುವುದುಂಟು. ಇಲ್ಲಿ ತಪ್ಪು ಅನೇಕ ವೇಳೆ ಗ್ರಂಥವನ್ನು ಆರಿಸಿಕೊಟ್ಟವರದು. ಒಮ್ಮೆ ಹೀಗೆ ಮುಚ್ಚಿಟ್ಟವನು ಎರಡನೆಯ ಪುಸ್ತಕವನ್ನು ಕೇಳುವುದು ವಿರಳ. ಒಂದು ಸಾಹಿತ್ಯಪರಂಪರೆ ಅವನ ಪಾಲಿಗೆ ಅಲ್ಲಿಗೇ ಮುಗಿದುಹೋಗುವುದು. ಆದುದರಿಂದ ಪುಸ್ತಕ ಭಂಡಾರಕ್ಕೆ ಗ್ರಂಥಗಳನ್ನು ಆರಿಸುವ ಅಧ್ಯಾಪಕನಿಗೆ ಈ ವಿಚಾರವು ಉಪೇಕ್ಷಣೀಯವಲ್ಲ.

ಆರಿಸುವವರು ಸಾಮಾನ್ಯವಾಗಿ ಹಿಡಿಯುವ ಮಾರ್ಗಗಳು ಎರಡು. ಮೊದಲನೆಯದು ಬಹುಮಾನ ಪಡೆದ ಗ್ರಂಥವನ್ನು ಕೊಡುವುದು. ಬಹುಮಾನವು ಆಯಾ ವರ್ಷದ ವಾಚಕಸಮೂಹದ ಒಲವನ್ನು ತಿಳಿಸುವುದೇ ಹೊರತು ಈ ಒಬ್ಬ ವಾಚಕನ ಒಲವನ್ನಲ್ಲ. ಎರಡನೆಯದು ವಸ್ತುಸಾಮ್ಯವನ್ನು ನೋಡುವುದು: ಕಾಲಯಾನವನ್ನು ಮೆಚ್ಚಿದವನಿಗೆ ಮತ್ತೊಂದು ಕಾಲಯಾನ, ಮಂಗಳಗ್ರಹವನ್ನು ಮೆಚ್ಚಿದವನಿಗೆ ಮತ್ತೊಂದು ಮಂಗಳಗ್ರಹ. ಇದು ಮೊದಲನೆಯದಕ್ಕಿಂತಲೂ ಹೆಚ್ಚು ಮೋಸಗೊಳಿಸುವ ಮಾರ್ಗ.

ಸ್ಟೀಫನ್ ಬ್ಯಾಕ್ಸ್ಟರರ ‘ದಿ ಟೈಮ್ ಷಿಪ್ಸ್’ ಇದಕ್ಕೆ ನಿದರ್ಶನ. ವೆಲ್ಸರ ‘ದಿ ಟೈಮ್ ಮೆಷಿನ್’ ಪ್ರಕಟವಾದುದು 1895ರಲ್ಲಿ. ಅದರ ಶತಮಾನೋತ್ಸವದ ವರ್ಷವಾದ 1995ರಲ್ಲಿ, ವೆಲ್ಸರ ವಾರಸುದಾರರ ಅನುಮತಿಯನ್ನು ಪಡೆದು, ಅದರ ಉತ್ತರಭಾಗವಾಗಿ ಈ ಗ್ರಂಥವು ಹೊರಬಂದಿತು. ಕಥಾನಾಯಕನು ಅವನೇ, ಯಂತ್ರವೂ ಅದೇ. ಆದರೆ ವೆಲ್ಸರ ಕೃತಿಯು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಅದರಲ್ಲಿ ಅಸಂಭಾವ್ಯವಾದುದು ಕಾಲಯಾನವೊಂದೇ. ಬ್ಯಾಕ್ಸ್ಟರರಲ್ಲಿ ಪ್ರತಿಯೊಂದು ಯಾನವೂ ಹೊಸತೊಂದು ಚರಿತ್ರೆಯನ್ನು ಹುಟ್ಟಿಸುವುದು, ಸೂರ್ಯನನ್ನೇ ಸುತ್ತುಗಟ್ಟಿದ ಗೋಲವೊಂದು ಬರುವುದು, ಬ್ರಹ್ಮಾಂಡಗಳು ಕವಲೊಡೆಯುವುವು. ಕಲ್ಪನೆಯ ಸಮೃದ್ಧಿಯನ್ನು ಬಯಸುವವರಿಗೆ ಇದು ದೊಡ್ಡ ಔತಣ. ವೆಲ್ಸರ ಮಿತವ್ಯಯವನ್ನು ಮೆಚ್ಚಿದವನಿಗಾದರೋ ಇಲ್ಲಿ ಹೆಸರು ಮಾತ್ರ ಪರಿಚಿತ, ರುಚಿ ಅಪರಿಚಿತ.

ಹಾಗಾದರೆ ನೋಡಬೇಕಾದುದು ಯಾವುದು? ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ಭಾರತೀಯ ಆಲಂಕಾರಿಕರು ಹೇಳಿರುವರು. ಆ ವಿಸ್ಮಯವು ನಿಲ್ಲುವ ಬಗೆಯನ್ನು ವೆಲ್ಸರು ತಮ್ಮ ವಿಜ್ಞಾನಕಥೆಗಳ 1933ರ ಸಂಪುಟದ ಮುನ್ನುಡಿಯಲ್ಲಿ ಚರ್ಚಿಸಿರುವರು. ಎಲ್ಲವೂ ಸಾಧ್ಯವಾದ ಲೋಕದಲ್ಲಿ ಯಾವುದರಲ್ಲಿಯೂ ಕುತೂಹಲ ಉಳಿಯದು. ಒಂದೇ ಒಂದು ಅಸಂಭಾವ್ಯವನ್ನು ವಾಚಕನು ಒಪ್ಪುವಂತೆ ಮಾಡಿ, ಉಳಿದುದೆಲ್ಲವನ್ನೂ ಮಾನವಸಹಜವಾಗಿ ಇಡಬೇಕು ಎಂಬುದು ಅವರ ಮತದ ಸಾರ. ಈ ಸೂತ್ರದಿಂದ ನೋಡಿದರೆ, ಹಳೆಯ ಗ್ರಂಥವು ಯಾವ ವಸ್ತುವನ್ನು ಕುರಿತದ್ದು ಎಂಬ ಪ್ರಶ್ನೆಗಿಂತ, ಅದು ಯಾವ ಬಗೆಯ ವಿಸ್ಮಯವನ್ನು ಯಾವ ಉಪಾಯದಿಂದ ಸಾಧಿಸಿತು ಎಂಬ ಪ್ರಶ್ನೆಯೇ ಮುಖ್ಯವೆಂದು ಸ್ಪಷ್ಟವಾಗುವುದು. ನಾಲ್ಕು ಜೋಡಿಗಳನ್ನು ಪರೀಕ್ಷಿಸಿದರೆ ಈ ಮಾತು ವಿಶದವಾದೀತು.

‘ದಿ ಟೈಮ್ ಮೆಷಿನ್’ ಗ್ರಂಥದ ಕೊನೆಯಲ್ಲಿ ಕಾಲಯಾನಿಯು ಮೂರು ಕೋಟಿ ವರ್ಷಗಳಿಗೂ ಆಚೆಗೆ ಹೋಗಿ, ಕೆಂಪಾಗಿ ಉಬ್ಬಿ ನಿಂತ ಸೂರ್ಯನ ಕೆಳಗೆ, ಶೀತದಿಂದ ನಿಶ್ಚಲವಾಗುತ್ತಿರುವ ಕಡಲ ತೀರವನ್ನು ಕಾಣುವನು. ಸೂರ್ಯನ ಶಾಖವು ಕೆಲವು ಕೋಟಿ ವರ್ಷಗಳಲ್ಲಿ ಆರಿಹೋಗುವುದೆಂಬ ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನವೇ ಈ ಚಿತ್ರಕ್ಕೆ ಆಧಾರ. ಆ ಗಣನೆ ತಪ್ಪೆಂದು ಅನಂತರ ಸಿದ್ಧವಾಯಿತು; ಸೂರ್ಯನಿಗೆ ಇನ್ನೂ ಸುಮಾರು 500 ಕೋಟಿ ವರ್ಷಗಳ ಆಯುಸ್ಸುಂಟು. ಗಣನೆ ಹಳತಾದರೂ ಚಿತ್ರವು ಹಳತಾಗಲಿಲ್ಲ. ಏಕೆಂದರೆ ಶಕ್ತಿಯೆಲ್ಲವೂ ಕ್ರಮೇಣ ಸಮವಾಗಿ ಹರಡಿ ಚಲನೆ ನಿಲ್ಲುವುದೆಂಬ ತತ್ತ್ವವು ಅದರ ಅಂತರಂಗದಲ್ಲಿದೆ.

ಅಮೆರಿಕದ ಟೆಡ್ ಚಿಯಾಂಗರ ‘ಎಕ್ಸಲೇಷನ್’, ಎಂದರೆ ‘ನಿಶ್ವಾಸ’, ಎಂಬ ಸಣ್ಣಕಥೆ 2008ರಲ್ಲಿ ಪ್ರಕಟವಾಯಿತು. 2019ರ ಅದೇ ಹೆಸರಿನ ಸಂಕಲನದಲ್ಲಿ ಸೇರಿದೆ. ಇದರಲ್ಲಿ ಕಾಲಯಾನವಿಲ್ಲ, ಸೂರ್ಯನಿಲ್ಲ, ಮನುಷ್ಯನೂ ಇಲ್ಲ. ಲೋಹದ ದೇಹವುಳ್ಳ ಜೀವಿಗಳು ನೆಲದಡಿಯಿಂದ ಬರುವ ಗಾಳಿಯನ್ನು ಶ್ವಾಸಕೋಶಗಳಲ್ಲಿ ತುಂಬಿಕೊಂಡು ಬದುಕುತ್ತವೆ. ಊರಿನ ಗಡಿಯಾರಗಳೆಲ್ಲವೂ ಒಮ್ಮೆಗೇ ಮುಂದೋಡುತ್ತಿರುವಂತೆ ತೋರುವುದು. ಶರೀರಶಾಸ್ತ್ರಜ್ಞನೊಬ್ಬನು ಕನ್ನಡಿಗಳ ಸಹಾಯದಿಂದ ತನ್ನ ಮಿದುಳನ್ನು ತಾನೇ ಬಿಚ್ಚಿ ನೋಡಿ, ನಿಜವನ್ನು ಅರಿಯುವನು: ಗಡಿಯಾರಗಳಲ್ಲಿ ದೋಷವಿಲ್ಲ, ಲೋಕದ ವಾಯುವಿನ ಒತ್ತಡ ಏರುತ್ತಿರುವುದರಿಂದ ಆಲೋಚನೆಯೇ ಮಂದವಾಗುತ್ತಿದೆ. ವೆಲ್ಸರು ಹೊರಗಿನ ಕಡಲತೀರದಲ್ಲಿ ತೋರಿಸಿದ ಅಂತ್ಯವನ್ನು ಚಿಯಾಂಗರು ನೋಡುವವನ ತಲೆಯೊಳಗೇ ತೋರಿಸಿರುವರು. ಅಸಂಭಾವ್ಯ ಒಂದೇ, ಉಳಿದುದು ತರ್ಕ. ವೆಲ್ಸರ ವಾಚಕನಿಗೆ ಮೊದಲು ಕೊಡತಕ್ಕದ್ದು ಇದು.

ಎರಡನೆಯದು ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898). ಮಂಗಳಗ್ರಹದವರು ಇಂಗ್ಲೆಂಡಿನ ಮೇಲೆ ಬಂದೆರಗುವ ಈ ಕಥೆಯ ಆರಂಭದಲ್ಲಿಯೇ, ಯೂರೋಪಿನವರು ಟಾಸ್ಮೇನಿಯದ ಜನರನ್ನು ನಾಶಮಾಡಿದುದನ್ನು ವೆಲ್ಸರು ಓದುಗರಿಗೆ ಜ್ಞಾಪಿಸುವರು. ಇದಕ್ಕೆ ಸಮವಾಗಿ ಇಡಬಹುದಾದುದು ಚೀಣದ ಲಿಯು ತ್ಸಿಶಿನರ ‘ಮೂರು ಕಾಯಗಳ ಸಮಸ್ಯೆ’. 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿಯೂ 2008ರಲ್ಲಿ ಗ್ರಂಥವಾಗಿಯೂ ಬಂದ ಇದನ್ನು ಕೆನ್ ಲಿಯು ಅವರು 2014ರಲ್ಲಿ ಆಂಗ್ಲಭಾಷೆಗೆ ತಂದರು; 2015ರಲ್ಲಿ ಹ್ಯೂಗೋ ಬಹುಮಾನವು ಸಂದಿತು. ಅನುವಾದಿತ ಕಾದಂಬರಿಗೆ ಆ ಬಹುಮಾನ ದೊರೆತದ್ದು ಅದೇ ಮೊದಲು. ವೆಲ್ಸರಲ್ಲಿ ಶತ್ರುಗಳು ಕರೆಯದೆ ಬರುವರು. ಇಲ್ಲಿ ಅವರನ್ನು ಕರೆಯುವವಳು ಒಬ್ಬ ಮಾನವಸ್ತ್ರೀ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ತನ್ನ ತಂದೆಯನ್ನು ಕಣ್ಣೆದುರಿಗೇ ಹೊಡೆದು ಕೊಂದುದನ್ನು ಕಂಡ ಯೆ ವೆಂಜಿಯೆ, ಉತ್ತರಿಸಬೇಡವೆಂಬ ಎಚ್ಚರಿಕೆ ಆಕಾಶದಿಂದ ಬಂದರೂ ಉತ್ತರಿಸುವಳು. ಶತ್ರುಗಳ ನೌಕೆಗಳು ಭೂಮಿಯನ್ನು ಮುಟ್ಟಲು ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲ ಬೇಕು. ಅಷ್ಟರೊಳಗೆ ಭಯವೇ ಮುಂದಾಗಿ ಬಂದು ತನ್ನ ಕೆಲಸವನ್ನು ನಡೆಸುವುದು. ಈ ಗ್ರಂಥದ ದೋಷಗಳನ್ನು ಮುಚ್ಚಬೇಕಾಗಿಲ್ಲ: ಯೆ ವೆಂಜಿಯೆಯನ್ನು ಬಿಟ್ಟರೆ ಪಾತ್ರಗಳು ತೆಳು; ನಡುವೆ ಬರುವ ಆಟದ ಪ್ರಕರಣಗಳು ದೀರ್ಘ. ಆದರೆ ಅಸಿಮೋವ್, ಕ್ಲಾರ್ಕರನ್ನು ಮೆಚ್ಚಿದ ವಾಚಕನು ತೆಳು ಪಾತ್ರಗಳನ್ನು ಸಹಿಸಿಕೊಳ್ಳಲು ಈಗಾಗಲೇ ಕಲಿತಿರುವನು. ಅವನಿಗೆ ಇದು ವಿಘ್ನವಾಗದು.

ಮೂರನೆಯದು ಸ್ಟೇಪಲ್ಡನರ ‘ಲಾಸ್ಟ್ ಅಂಡ್ ಫಸ್ಟ್ ಮೆನ್’ (1930). ಇನ್ನೂರು ಕೋಟಿ ವರ್ಷಗಳನ್ನೂ ಹದಿನೆಂಟು ಮಾನವಜಾತಿಗಳನ್ನೂ ವ್ಯಾಪಿಸಿದ ಈ ಪುರಾಣದಲ್ಲಿ ಕಾಲವೇ ನಾಯಕ. ವ್ಯಕ್ತಿಗಳು ಇಲ್ಲವೆಂದರೂ ಸಲ್ಲುವುದು. ಅಷ್ಟು ದೀರ್ಘವಾದ ಕಾಲವನ್ನು ಹೇಳಬೇಕಾದರೆ ವ್ಯಕ್ತಿಯನ್ನು ಬಿಡಲೇಬೇಕೆಂದು ಬಹುಕಾಲ ತೋರಿದ್ದಿತು. ಏಡ್ರಿಯನ್ ಚೈಕೊವ್‌ಸ್ಕಿಯವರ ‘ಚಿಲ್ಡ್ರನ್ ಆಫ್ ಟೈಮ್’ (2015) ಈ ಗಂಟನ್ನು ಸರಳವಾದ ಉಪಾಯದಿಂದ ಬಿಡಿಸಿತು. ಕೋತಿಗಳಿಗೆಂದು ಸಿದ್ಧಪಡಿಸಿದ ಬುದ್ಧಿವರ್ಧಕ ವಿಷಾಣು ಒಂದು ದೂರದ ಗ್ರಹದಲ್ಲಿ ಜೇಡಗಳಿಗೆ ತಗಲುವುದು. ಸಾವಿರಾರು ವರ್ಷಗಳಲ್ಲಿ ಅವು ನಾಗರಿಕತೆಯನ್ನು ಕಟ್ಟುವುವು. ತಲೆಮಾರುಗಳು ಉರುಳಿದರೂ ಪೋರ್ಷಿಯಾ, ಬಿಯಾಂಕಾ, ಫೇಬಿಯನ್ ಎಂಬ ಹೆಸರುಗಳೇ ಹೊಸ ಹೊಸ ಜೇಡಗಳಿಗೆ ಬರುತ್ತಿರುವುವು. ವ್ಯಕ್ತಿ ಸಾಯುವುದು, ಹೆಸರು ಉಳಿಯುವುದು. ವಾಚಕನ ಮಮತೆಗೆ ಆಶ್ರಯವೂ ಸಿಕ್ಕುವುದು, ಕಾಲದ ವಿಸ್ತಾರವೂ ಕೆಡದು. ಇದರೊಡನೆ, ಅಳಿದುಳಿದ ಮಾನವರನ್ನು ಹೊತ್ತ ನೌಕೆಯಲ್ಲಿ, ಶೀತನಿದ್ರೆಯಿಂದ ಆಗಾಗ ಎದ್ದು ಕಾಲದ ಓಟವನ್ನು ಕಾಣುವವನು ಪ್ರಾಚೀನ ಭಾಷೆಗಳ ವಿದ್ವಾಂಸನೊಬ್ಬನು. 2016ರಲ್ಲಿ ಕ್ಲಾರ್ಕರ ಹೆಸರಿನ ಬಹುಮಾನವು ಈ ಗ್ರಂಥಕ್ಕೆ ಸಂದುದು ಉಚಿತವೇ ಆಯಿತು.

ನಾಲ್ಕನೆಯದು ಅಸಿಮೋವರ ‘ಫೌಂಡೇಷನ್’ (1951). ರೋಮನ್ ಸಾಮ್ರಾಜ್ಯದ ಪತನವನ್ನು ಕುರಿತ ಗಿಬ್ಬನ್ನನ ಇತಿಹಾಸದಿಂದ ಪ್ರೇರಿತವಾದ ಈ ಕೃತಿಯು ಸಾಮ್ರಾಜ್ಯವನ್ನು ಗಣಿತದ ದೂರದಿಂದ ನೋಡುವುದು. ಆರ್ಕಾಡಿ ಮಾರ್ಟಿನರ ‘ಎ ಮೆಮರಿ ಕಾಲ್ಡ್ ಎಂಪೈರ್’ (2019) ಅದನ್ನೇ ಅಂತಃಕರಣದಿಂದ ನೋಡುವುದು. ಲೇಖಕಿಯು ಬೈಜಾಂಟೀನ್ ಇತಿಹಾಸದ ವಿದುಷಿ. ಚಿಕ್ಕ ಅಂತರಿಕ್ಷ ನೆಲೆಯೊಂದರಿಂದ ಮಹಾಸಾಮ್ರಾಜ್ಯದ ರಾಜಧಾನಿಗೆ ಬಂದ ರಾಯಭಾರಿ ಮಾಹಿತ್, ಸತ್ತ ಪೂರ್ವಾಧಿಕಾರಿಯ ನೆನಪುಗಳನ್ನು ತನ್ನ ತಲೆಯಲ್ಲಿ ಹೊತ್ತಿರುವಳು. ಆ ನೆನಪುಗಳಾದರೋ ಹದಿನೈದು ವರ್ಷ ಹಳೆಯವು. ತನ್ನ ನಾಡನ್ನು ನುಂಗಬಲ್ಲ ಸಾಮ್ರಾಜ್ಯದ ಕಾವ್ಯವನ್ನು ಅವಳು ಬಾಲ್ಯದಿಂದಲೂ ಪ್ರೀತಿಸಿದವಳು. ಆ ಭಾಷೆಯಲ್ಲಿ ನಗರಕ್ಕೂ ಲೋಕಕ್ಕೂ ಸಾಮ್ರಾಜ್ಯಕ್ಕೂ ಶಬ್ದವೊಂದೇ. ಅವಳ ಊರಿಗೆ ಆ ಶಬ್ದದಲ್ಲಿ ಎಡೆಯಿಲ್ಲ. ಸಾಮ್ರಾಜ್ಯದ ಭಾಷೆಯಲ್ಲಿ ವಿದ್ಯೆ ಕಲಿತ ದೇಶಗಳ ವಾಚಕರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಮುನ್ನೂರು ಪುಟಗಳ ರಾಜಕಾರಣವನ್ನು ಅಸಿಮೋವರು ಮೂವತ್ತರಲ್ಲಿ ಮುಗಿಸುತ್ತಿದ್ದರೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಆ ಮೂವತ್ತರಲ್ಲಿ ಈ ಸಂಕಟ ಬರುತ್ತಿರಲಿಲ್ಲ.

ಈ ನಾಲ್ಕನ್ನೂ ಒಟ್ಟಿಗೆ ನೋಡಿದಾಗ ಮತ್ತೊಂದು ಸಂಗತಿ ಗೋಚರಿಸುವುದು. ‘ದಿ ಟೈಮ್ ಮೆಷಿನ್’ ಕೃತಿಯಲ್ಲಿ ವೀನಾ ಎಂಬವಳು ರಕ್ಷಿಸಲ್ಪಡತಕ್ಕ ಶಿಶುವಿನಂತಿರುವಳು. ‘ಫೌಂಡೇಷನ್’ ಗ್ರಂಥದಲ್ಲಿ ಸ್ತ್ರೀಪಾತ್ರಗಳು ನಾಮಮಾತ್ರ. ಹೊಸ ಗ್ರಂಥಗಳ ಪೈಕಿ ಮೂರರಲ್ಲಿ ಕಥೆಯ ಗತಿಯನ್ನು ತಿರುಗಿಸುವವರು ಯೆ ವೆಂಜಿಯೆ, ಪೋರ್ಷಿಯಾ, ಮಾಹಿತ್. ಹಳೆಯ ರಸವನ್ನು ಉಳಿಸಿಕೊಂಡೇ ಹೊಸಬರು ಹಳಬರ ಕೊರತೆಯನ್ನು ತುಂಬಿರುವರೆಂಬುದಕ್ಕೆ ಇದು ಸಾಕ್ಷಿ.

ಕೊಡುವ ಕ್ರಮವೂ ಮುಖ್ಯ. ಕೆಲವೇ ಪುಟಗಳ ಚಿಯಾಂಗರ ಕಥೆ ಮೊದಲು, ಅದು ರುಚಿಸಿದರೆ ಚೈಕೊವ್‌ಸ್ಕಿ, ಅನಂತರ ಲಿಯು, ಕಡೆಗೆ ಮಾರ್ಟಿನ್. ಬ್ಯಾಕ್ಸ್ಟರರ ಗ್ರಂಥವನ್ನು ಈ ನಾಲ್ಕೂ ಮುಗಿದ ಮೇಲೆ ಕೊಡಬಹುದು. ಆಗ ಅದರ ಸಮೃದ್ಧಿಗೆ ವಾಚಕನು ಸಿದ್ಧನಾಗಿರುವನು. ಇಷ್ಟಾಗಿಯೂ ಅವನು ವೆಲ್ಸರಿಗೇ ಹಿಂದಿರುಗಿದರೆ ವಿಷಾದಪಡಬೇಕಾದುದಿಲ್ಲ. ‘ನಿಶ್ವಾಸ’ವನ್ನು ಓದಿ ಮರಳಿದವನಿಗೆ ಆ ಕೆಂಪು ಸೂರ್ಯನ ಕಡಲತೀರವು ಮೊದಲಿಗಿಂತ ವಿಸ್ತಾರವಾಗಿ ಕಂಡೇ ಕಾಣುವುದು, ಆರಿಸಿಕೊಟ್ಟವನ ಶ್ರಮಕ್ಕೆ ಅದು ಸಾಕಾದಷ್ಟು ಫಲ.