ಪೇಟಿಗಿಂತ ಮೊದಲು ಏಕತಾರಿ

ಸುರಪುರದಲ್ಲಿ ಮಕ್ಕಳಿಗೆ ಸಂಗೀತ ಕಲಿಸಬೇಕೆಂದು ಮನಸ್ಸಾದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, ‘ಪೇಟಿ ಎಲ್ಲಿ ಸಿಗ್ತದ್ರೀ?’ ಅಂತ. ಕಲಬುರಗಿಯಿಂದಲೋ ಗದಗಿನಿಂದಲೋ ಹಾರ್ಮೋನಿಯಂ ಬರುತ್ತದೆ. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಐದು ವರ್ಷದ ಕೂಸನ್ನು ಅದರ ಮುಂದೆ ಕೂಡಿಸುತ್ತಾರೆ. ಗಾಳಿ ಹಾಕಲು ಅದರ ಎಡಗೈ ಎಟುಕುವುದಿಲ್ಲ. ಅಪ್ಪ ಗಾಳಿ ಹಾಕುತ್ತಾನೆ, ಕೂಸು ಬೆರಳಿಡುತ್ತದೆ. ಆ ಕೂಡಿಕೆಯಲ್ಲಿರುವ ಅಕ್ಕರೆ ದೊಡ್ಡದು. ಆದರೆ ಕಲಿಸುವ ಕ್ರಮವೆಂದು ತೂಗಿ ನೋಡಿದರೆ, ನಾವು ಹಿಂದುಮುಂದಾಗಿ ಶುರು ಮಾಡುತ್ತಿದ್ದೇವೆ ಎಂದೇ ನನ್ನ ತೀರ್ಮಾನ.

ನಾನೂ ಹೀಗೇ ಶುರು ಮಾಡಿದವನು. ಮಗಳಿಗೆ ಐದು ತುಂಬಿದ ವರ್ಷ ಪೇಟಿಯ ಬಿಳಿ ಪಟ್ಟಿಗಳ ಮೇಲೆ ಸ್ಕೆಚ್ ಪೆನ್ನಿನಿಂದ ಸ್ವರಗಳ ಹೆಸರು ಬರೆದೆ. ಮೂರು ತಿಂಗಳಲ್ಲಿ ಆರೋಹ, ಅವರೋಹ ತಪ್ಪಿಲ್ಲದೆ ನುಡಿಸತೊಡಗಿದಳು. ಬಂದ ಬೀಗರ ಮುಂದೆ ನುಡಿಸಿಯೂ ತೋರಿಸಿದಳು. ಒಂದು ಸಂಜೆ ಕರೆಂಟು ಹೋಗಿತ್ತು. ಕತ್ತಲಲ್ಲಿ, ‘ಪೇಟಿ ಬ್ಯಾಡವ್ವ, ಹಂಗೇ ಬಾಯಿಲೆ ಪ ಹಾಡು’ ಅಂದೆ. ಸಾ ಹಿಡಿದಳು, ಅಲ್ಲೇ ನಿಂತಳು. ‘ಅಪ್ಪಾ, ಪ ಕಾಣವಲ್ದು’ ಅಂದಳು. ಪಂಚಮವೆಂದರೆ ಅವಳಿಗೆ ಸ್ಕೆಚ್ ಪೆನ್ನಿನ ಅಕ್ಷರ. ಕಿವಿಗೆ ಅದರ ಗುರುತೇ ಹತ್ತಿರಲಿಲ್ಲ.

ಪೇಟಿಯ ಮೇಲೆ ತಪ್ಪು ಹೊರಿಸುವುದು ಹಳೆಯ ಸಂಗತಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲವೆಂದು 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಅದರ ಗಾಂಧಾರ ತಂಬೂರಿಯೊಳಗೆ ಕೇಳುವ ಗಾಂಧಾರಕ್ಕಿಂತ ತುಸು ಏರು ಎಂಬುದೂ ನಿಜ. ಆದರೂ ನನ್ನ ತಕರಾರು ವಾದ್ಯದ ಮೇಲಲ್ಲ. ನಮ್ಮ ಹಳ್ಳಿಗಳ ನಾಟಕ, ಬಯಲಾಟ, ಭಜನೆಗಳನ್ನು ಇಷ್ಟು ವರ್ಷ ಹೊತ್ತು ತಂದವರು ಪೇಟಿ ಮಾಸ್ತರರೇ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಕಣ್ಣಿರಲಿಲ್ಲ, ಬೆಳೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಇರಲಿಲ್ಲ. ಪುಟ್ಟರಾಜರ ಬೆರಳ ಕೆಳಗೆ ಹಾರ್ಮೋನಿಯಂ ಮಾತಾಡುತ್ತಿತ್ತು. ಆದರೆ ಅಲ್ಲಿಯ ಅಂಧ ಮಕ್ಕಳು ಪಟ್ಟಿಯ ಮೇಲೆ ಬರೆದ ಅಕ್ಷರ ನೋಡಿ ಕಲಿತವರಲ್ಲ. ಸ್ವರ ಕಿವಿಯಲ್ಲಿ ಕೂತ ಮೇಲೆ ಅದನ್ನು ಬೆರಳಿನಿಂದ ಹುಡುಕಿಕೊಂಡವರು. ನಮ್ಮ ಸೀಮೆಯ ಬಹು ದೊಡ್ಡ ಸಂಗೀತಶಾಲೆ ನಿಂತದ್ದು ಕಿವಿಯ ಮೇಲೆ. ಮನೆಯಲ್ಲಿ ನಾವು ಕೂಸಿನ ಕಣ್ಣಿಗೆ ಪಾಠ ಹೇಳುತ್ತಿದ್ದೇವೆ.

ಇನ್ನೊಂದು ತಪ್ಪು ದನಿಯ ಲೆಕ್ಕದ್ದು. ನಾಲ್ಕೈದು ವರ್ಷದ ಕೂಸಿಗೆ ಹಾಯಾಗಿ ದಕ್ಕುವುದು ಐದಾರು ಸ್ವರಗಳ ಹರವು. ನಾವು ಮೊದಲ ದಿನವೇ ಸಾ ದಿಂದ ಮೇಲಿನ ಸಾ ವರೆಗೆ ಏರಿಸುತ್ತೇವೆ, ಅದೂ ಅಪ್ಪನ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ. ನಿಷಾದದ ಹತ್ತಿರ ಕೂಸು ಕೊರಳ ನರ ಬಿಗಿದು ಕೂಗುತ್ತದೆ. ‘ಜೋರ್ ಹಾಡು, ಹೆದರಬ್ಯಾಡ’ ಎಂದು ಮತ್ತೆ ನಾವೇ ಹುರಿದುಂಬಿಸುತ್ತೇವೆ. ಅದೇ ಕೂಸನ್ನು ಮಲಗಿಸುವಾಗ ಆಯಿ ಹಾಡುವ ಜೋಗುಳವನ್ನು ಗಮನಿಸಿ. ಮೂರು ನಾಲ್ಕು ಸ್ವರ ದಾಟುವುದಿಲ್ಲ. ಕೂಸಿನ ಬೆನ್ನಿನ ಮೇಲೆ ಅಂಗೈ ತಾಳ ಬಿಡುವುದಿಲ್ಲ. ಅದನ್ನು ನಾವು ‘ಸಂಗೀತ’ದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಹೆಂಗಸರ ಹಾಡನ್ನು ಮನೆಗೆಲಸದ ಜೊತೆ ಸೇರಿಸಿ ಬದಿಗಿಟ್ಟಿದ್ದೇವೆ. ಬೀಸುವ ಪದ ಗಿರಣಿ ಬಂದ ಮೇಲೆ ಹೋಯಿತು. ಕಲ್ಲೇ ಇಲ್ಲದ ಮನೆಗೆ ಅದು ತಿರುಗಿ ಬರುವುದಿಲ್ಲ, ಬರಲಿ ಎಂದು ಹಂಬಲಿಸುವುದರಲ್ಲಿ ಅರ್ಥವೂ ಇಲ್ಲ.

ಆದರೆ ರೊಟ್ಟಿ ಹೋಗಿಲ್ಲ. ನಮ್ಮ ಅವ್ವ ಜೋಳದ ರೊಟ್ಟಿ ಬಡಿಯುವಾಗ ಮೊಮ್ಮಗಳು ಒಲೆಯ ಪಕ್ಕದಲ್ಲೇ ಇರುತ್ತಾಳೆ. ಬಡಿತಕ್ಕೆ ಒಂದು ಲಯವಿದೆ. ರೊಟ್ಟಿ ಅಂಗೈ ಕೆಳಗೆ ತಿರುಗುವಾಗ ಸಪ್ಪಳ ಹಗುರಾಗುತ್ತದೆ, ತಿರುಗಿ ನಿಂತಾಗ ಭಾರವಾಗುತ್ತದೆ. ಇವಳೂ ಒಂದು ಹಿಟ್ಟಿನ ಉಂಡಿ ಹಿಡಿದು ಜೊತೆಗೆ ಬಡಿಯುತ್ತಾಳೆ. ಎಲ್ಲಿ ಹಗುರ, ಎಲ್ಲಿ ಭಾರ ಎಂಬುದು ಅವಳ ಕೈಗೆ ಗೊತ್ತು. ತಬಲಾದವರು ಖಾಲಿ, ಭರಿ ಎನ್ನುವುದು ಇದನ್ನೇ. ಮುಂದೆ ಯಾರಾದರೂ ಅವಳಿಗೆ ಕೇರವಾ ತಾಳದ ಎಂಟು ಮಾತ್ರೆ ಎಣಿಸಿ ತೋರಿಸಿದರೆ, ಎಣಿಕೆ ಹೊಸದಾಗಬಹುದು, ತೂಕ ಹೊಸದಾಗಲಾರದು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ದೊಡ್ಡವರ ಹಿಂದೆ ಹೆಜ್ಜೆ ಹಾಕುವ ಹುಡುಗರಿಗೂ ಇದೇ ಮಾತು. ಪದ ಬಾಯಿಗೆ ಬರುವ ಮುಂಚೆಯೇ ಅವರ ಕಾಲಿಗೆ ಲಯ ಬಂದಿರುತ್ತದೆ.

ಇಷ್ಟಾದ ಮೇಲೂ ನಮ್ಮ ಸೀಮೆಯ ಮನೆಪಾಠಕ್ಕೆ ಮೇಲಾದ ವಾದ್ಯ ಯಾವುದೆಂದು ಕೇಳಿದರೆ, ತತ್ವಪದದವರ ಏಕತಾರಿ ಎನ್ನುತ್ತೇನೆ. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರಾದ ಚನ್ನೂರು ಜಲಾಲಸಾಹೇಬರು, ಖೈನೂರು ಕೃಷ್ಣಪ್ಪನವರು ಕಟ್ಟಿದ ಪದಗಳು ಇಂದಿಗೂ ನಮ್ಮ ಊರುಗಳಲ್ಲಿ ಈ ಒಂದೇ ತಂತಿಯ ಮೇಲೆ, ಒಂದು ದಮ್ಮಡಿಯ ಜೊತೆ ನಡೆಯುತ್ತವೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರು ಕೇಳಿರುತ್ತೀರಿ. ಏಕತಾರಿಯಲ್ಲಿ ಕೂಸು ತಪ್ಪು ಪಟ್ಟಿ ಒತ್ತುವ ಮಾತೇ ಇಲ್ಲ. ಮೀಟಿದರೆ ಸಾ, ಮತ್ತೆ ಮೀಟಿದರೆ ಅದೇ ಸಾ. ಬುರುಡೆಯನ್ನು ಕಿವಿಗೆ ಆನಿಸಿ ಸುಮ್ಮನೆ ಕೇಳಿದರೆ ಆ ಒಂದೇ ನಾದದ ಒಳಗೆ, ಮೇಲೆಲ್ಲೋ, ಸಣ್ಣಗೆ ಪಂಚಮ ಕೇಳುತ್ತದೆ. ಎಳೆದ ತಂತಿಯ ಸ್ವಭಾವವೇ ಅದು. ಮೂಲ ನಾದದ ಜೊತೆಗೆ ಅದರ ಇಮ್ಮಡಿ, ಮುಮ್ಮಡಿ ಕಂಪನಗಳೂ ಏಳುತ್ತವೆ, ಮುಮ್ಮಡಿಯದು ಪಂಚಮ. ಕತ್ತಲಲ್ಲಿ ‘ಪ ಕಾಣವಲ್ದು’ ಅಂದವಳ ಕಿವಿಗೆ ನಾನು ಏಕತಾರಿ ಹಚ್ಚಿದ್ದು ಬಹಳ ದಿನಗಳ ಮೇಲೆ. ಮೊದಲ ವಾರ ಏನೂ ಆಗಲಿಲ್ಲ. ಆಮೇಲೊಮ್ಮೆ, ಬುರುಡೆ ತೊಡೆಯ ಮೇಲಿಟ್ಟುಕೊಂಡು, ಯಾರೂ ಹೇಳದೆ, ಮೂಗಿನಲ್ಲಿ ಗುನುಗಿದಳು. ಪಂಚಮವೇ ಅದು. ಮರುದಿನ ಮತ್ತೆ ತಪ್ಪಿತು. ಮೂರನೆಯ ದಿನ ತಾನಾಗಿ ಬಂತು.

ಏಕತಾರಿ ಇಲ್ಲದ ಮನೆಯಲ್ಲಿ ಮೊಬೈಲಿನ ತಂಬೂರಿಯೂ ಆದೀತು. ಚಿತ್ರ ತೋರಿಸಿ ಹಾಡಿಸುವ ವಿಡಿಯೋಗಳಿಗಿಂತ, ಪರದೆ ಬೋರಲು ಹಾಕಿ ಶ್ರುತಿ ಮಾತ್ರ ಹಚ್ಚಿಟ್ಟ ಮೊಬೈಲು ಕೂಸಿಗೆ ಹೆಚ್ಚು ಕಲಿಸುತ್ತದೆ.

ಕಲಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಜಪಾನಿನ ಪಿಟೀಲು ಗುರು ಶಿನಿಚಿ ಸುಜುಕಿ, ಮಕ್ಕಳು ಮಾತು ಕಲಿಯುವ ಹಾಗೆಯೇ ಸಂಗೀತವನ್ನೂ ಕೇಳಿ ಕೇಳಿ ಕಲಿಯುತ್ತಾರೆ ಎಂದು ನಂಬಿದವರು. ಅವರ ಪದ್ಧತಿಯಲ್ಲಿ ಕೂಸಿಗಿಂತ ಮೊದಲು ತಾಯಿ ಪಿಟೀಲು ಹಿಡಿಯಬೇಕು. ನಾವು ಕೂಸನ್ನು ಕ್ಲಾಸಿಗೆ ಬಿಟ್ಟು ಹೊರಗೆ ಬೈಕಿನ ಮೇಲೆ ಕಾಯುತ್ತೇವೆ. ‘ನಮಗೇನ್ ಹಾಡಾಕ ಬರ್ತದ್ರೀ’ ಎನ್ನುವ ತಂದೆತಾಯಿಗಳಿಗೆ ಗಂಗೂಬಾಯಿ ಹಾನಗಲ್ಲರ ಮನೆಯ ಮಾತು ಹೇಳಬೇಕೆನಿಸುತ್ತದೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಹೆಸರಾದವರು. ಮಗಳು ಹಿಂದೂಸ್ತಾನಿ ಹಿಡಿದಾಗ, ಆ ಕಿವಿಯಲ್ಲಿ ಎರಡೂ ಕಲಸಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಆ ತ್ಯಾಗವನ್ನು ಎಲ್ಲ ಮನೆಗಳಿಂದ ಬೇಡುವುದು ಅನ್ಯಾಯ. ಆದರೆ ಮಗುವಿನ ಕಿವಿಗೆ ಏನು ಬೀಳುತ್ತದೆ ಎಂಬುದರ ಮೇಲೆ ಅವರಿಗಿದ್ದ ಎಚ್ಚರವನ್ನಾದರೂ ನಾವು ಕಲಿಯಬಹುದು. ಅದಕ್ಕೆ ಹಾಡಲು ಬರಬೇಕೆಂದೇನಿಲ್ಲ.

ಆ ಎಚ್ಚರ ಅತಿ ಕಡಿಮೆ ಇರುವುದು ನಾನು ಇಷ್ಟೊಂದು ಪ್ರೀತಿಸುವ ಭಜನೆಯಲ್ಲೇ. ಶ್ರಾವಣದ ರಾತ್ರಿ ಮಕ್ಕಳ ಕೈಗೆ ತಾಳ ಕೊಟ್ಟು ಕೂಡಿಸುತ್ತೇವೆ, ಅಷ್ಟು ಒಳ್ಳೆಯದೇ. ಆಮೇಲೆ ಮೈಕು ಹಚ್ಚಿ ಕಿವಿ ಗಡಚಿಕ್ಕುವ ಹಾಗೆ ಹಾಡುತ್ತೇವೆ. ಪದ ಏರಿದಂತೆ ಶ್ರುತಿಯೂ ಏರುತ್ತದೆ, ಗಂಡಸರ ಕೊರಳೇ ಹರಿಯುತ್ತದೆ, ಮಕ್ಕಳು ಕಿರುಚಲೇಬೇಕು. ತಾಳ ತಪ್ಪಿದ ಹುಡುಗನನ್ನು ಯಾರೂ ತಿದ್ದುವುದಿಲ್ಲ, ಕೈಯಿಂದ ತಾಳ ಕಸಿದುಕೊಳ್ಳುತ್ತಾರೆ ಅಷ್ಟೇ. ಹುಡುಗಿಯರನ್ನು ಬಾಗಿಲ ಆಚೆ ಕೂಡಿಸುತ್ತಾರೆ. ‘ಕಮಲೇಶವಿಠಲ’ ಅಂಕಿತದಲ್ಲಿ ಹಾಡು ಕಟ್ಟಿದ ಆನಂದದಾಸರ ಊರು ನಮ್ಮ ಸುರಪುರ. ದಾಸರ ಪದಗಳನ್ನು ಬೆಳಗಿನ ಕೆಲಸದ ನಡುವೆ ತಗ್ಗಿದ ದನಿಯಲ್ಲಿ ಹಾಡಿಕೊಳ್ಳುವ ಹೆಂಗಸರ ಹತ್ತಿರ, ಶ್ರುತಿ ಬಿಡದೆ ಹಾಡುವುದನ್ನು ನಮ್ಮ ಭಜನಾ ಮಂಡಳಿಗಳು ಕಲಿಯಬೇಕಾಗಿದೆ.

ಮಗಳಿಗೆ ಈಗ ಎಂಟು. ಪೇಟಿಯ ಮೇಲಿನ ಅಕ್ಷರಗಳನ್ನು ಒರೆಸಿದ್ದೇನೆ, ಅವಳು ಮತ್ತೆ ಅದರ ಮುಂದೆ ಕೂಡುತ್ತಾಳೆ. ಹೋದ ಶ್ರಾವಣ ಸೋಮವಾರ ಅವಳನ್ನು ಭಜನೆಗೆ ಕರೆದುಕೊಂಡು ಹೋಗಿ ನನ್ನ ಪಕ್ಕದಲ್ಲೇ ಕೂಡಿಸಿದೆ. ಪದ ಮೇಲೇರಿದಾಗ ಅವಳು ಹಾಡು ನಿಲ್ಲಿಸಿ ದಮ್ಮಡಿ ಮಾತ್ರ ಬಾರಿಸಿದಳು. ಇಳಿದಾಗ ಮತ್ತೆ ಹಾಡಿದಳು. ಮುಗಿದ ಮೇಲೆ ಹಿರಿಯರ ಹತ್ತಿರ, ಮಕ್ಕಳ ಸಲುವಾಗಿ ಶ್ರುತಿ ಒಂದಿಷ್ಟು ಇಳಿಸೋಣ ಎಂದು ಕೇಳಿಕೊಂಡೆ. ಬಹಳ ಹೊತ್ತು ಮಾತಾಯಿತು. ಕೊನೆಗೆ ಒಪ್ಪಿದರು, ಮೊದಲ ಎರಡು ಪದಗಳಿಗೆ ಮಾತ್ರ.